ಬೈಜು ಧರ್ಮಜನ್ ಗಿಟಾರಿನ ಉಚ್ಚಾರ

'ಮಕ್ತೂಬ್' ಆಲ್ಬಮ್ಮನ್ನು ನಾನು ಮೊದಲು ಕೇಳಿದ್ದು 2009ರ ಮಳೆಗಾಲದಲ್ಲಿ, ಕಳಮಶ್ಶೇರಿಯ ಎಚ್‌ಎಂಟಿ ಜಂಕ್ಷನ್ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ. ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ಎಂಟೆಕ್ ಮುಗಿಸಿ, ಅದೇ ಊರಲ್ಲಿ ಉಳಿದು, ದಿನಾ ಬಸ್ಸಿನಲ್ಲಿ ಕಾಕ್ಕನಾಡಿಗೆ ಕೆಲಸಕ್ಕೆ ಹೋಗುತ್ತಿದ್ದ ಕಾಲ. ತಿಪಟೂರಿನವನಾದ ನನಗೆ ಎಚ್‌ಎಂಟಿ ಅಂದರೆ ಅಪ್ಪನ ಕೈಗಡಿಯಾರ, ಬೆಂಗಳೂರು. ಇಲ್ಲಿನ ಎಚ್‌ಎಂಟಿಯಲ್ಲಿ ತಯಾರಾಗುತ್ತಿದ್ದದ್ದು ಗಡಿಯಾರವಲ್ಲ, ಮುದ್ರಣ ಯಂತ್ರ. ಆದರೂ ಬಸ್ಸಿನ ಕಂಡಕ್ಟರ್ ಆ ಮೂರಕ್ಷರ ಕೂಗಿದಾಗಲೆಲ್ಲ ಸಣ್ಣ ಸಮಾಧಾನವಾಗುತ್ತಿತ್ತು.

ಸಿ.ಡಿ. ಹಾಕಿದ್ದು ನನ್ನ ರೂಮ್‌ಮೇಟ್. "ಮದರ್‌ಜೇನ್, ನಮ್ಮ ಕೊಚ್ಚಿಯವರೇ" ಅಂದ. ಹಾಡು ಇಂಗ್ಲಿಷಿನಲ್ಲಿತ್ತು. ಡ್ರಮ್ಮು, ಬೇಸು ಎಲ್ಲ ನಾನು ಹಾಸ್ಟೆಲಿನಲ್ಲಿ ಕೇಳಿದ್ದ ಅಮೆರಿಕದ ಬ್ಯಾಂಡುಗಳ ಹಾಗೇ ಇತ್ತು. 'ಫೀಲ್ಡ್ಸ್ ಆಫ್ ಸೌಂಡ್' ಹಾಡಿನಲ್ಲಿ ಲೀಡ್ ಗಿಟಾರ್ ಮುಂದಕ್ಕೆ ಬಂತು ನೋಡಿ, ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟೆ. ಇಂಗ್ಲಿಷ್ ಹಾಡಿನ ಮಧ್ಯೆ ಯಾರೋ ಮನೆಮಾತಿನಲ್ಲಿ ಮಾತಾಡಿದ ಹಾಗಾಯಿತು. ನನ್ನ ಮನೆಮಾತಲ್ಲ, ಪಕ್ಕದ ಮನೆಯದು. ಆದರೆ ಗೋಡೆ ಒಂದೇ.

ಆ ಗಿಟಾರ್ ನುಡಿಸಿದವರು ಬೈಜು ಧರ್ಮಜನ್. ಮದರ್‌ಜೇನ್ ಕೊಚ್ಚಿಯಲ್ಲಿ 1996ರಲ್ಲಿ ಹುಟ್ಟಿದ ತಂಡ. ಅದಕ್ಕೂ ಮುಂಚೆ ಇದೇ ಊರಿನ 13ಎಡಿ ಹೋಟೆಲ್ ವೇದಿಕೆಗಳಿಂದ ಶುರುಮಾಡಿ ದೇಶಕ್ಕೆಲ್ಲ ಹೆಸರಾಗಿತ್ತು. ಹಾಗಾಗಿ ಕೊಚ್ಚಿಗೆ ರಾಕ್ ಹೊಸದೇನಲ್ಲ, ಬಂದರಿನ ಊರು. 'ಇನ್ಸೇನ್ ಬಯೋಗ್ರಫಿ' ಮದರ್‌ಜೇನಿನ ಮೊದಲ ಆಲ್ಬಮ್, 2008ರ 'ಮಕ್ತೂಬ್' ಎರಡನೆಯದು. ಸೂರಜ್ ಮಣಿ ಹಾಡುಗಾರ. 2010ರಲ್ಲಿ ಬೈಜು ತಂಡ ಬಿಟ್ಟರು. ಅರುಂಧತಿ ರಾಯ್ ಕಾದಂಬರಿಯ ಹೆಸರನ್ನು ತಿರುಚಿ ಅವರನ್ನು 'ಸಣ್ಣ ತಂತಿಗಳ ದೇವರು' ಎಂದು ಕರೆದದ್ದೂ ಉಂಟು. ಚಮತ್ಕಾರ ಚೆನ್ನಾಗಿದೆ, ಆದರೆ ಅದರಿಂದ ಅವರ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. 'ಕರ್ನಾಟಕ ಸಂಗೀತ ಮತ್ತು ರಾಕ್‌ನ ಫ್ಯೂಶನ್' ಎಂಬ ಮಾತೂ ಅಷ್ಟೇ. ಫ್ಯೂಶನ್ ಅಂದರೆ ಎರಡು ಪಾತ್ರೆಯಿಂದ ಒಂದಕ್ಕೆ ಸುರಿಯುವುದು. ಇಲ್ಲಿ ನಡೆದದ್ದು ಅದಲ್ಲ.

ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಲೋಹದ ಮೆಟ್ಟುಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಅರ್ಧ ಸ್ವರದ ದೂರ. ನಡುವೆ ಏನಿದೆ ಎಂದು ಗಿಟಾರ್ ಕೇಳುವುದಿಲ್ಲ. ನಮ್ಮ ಸಂಗೀತದ ಜೀವ ಇರುವುದೇ ಆ ನಡುವೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಅಲ್ಲಿಗೆ ಹೋಗುತ್ತಾರೆ. ಬ್ಲೂಸ್ ಗಿಟಾರಿಗರೂ ಎಳೆಯುತ್ತಾರೆ, ಆದರೆ ಸಾಮಾನ್ಯವಾಗಿ ಎಳೆದು ಮೇಲಿನ ಸ್ವರ ಮುಟ್ಟಿ ಅಲ್ಲಿ ನಿಲ್ಲುತ್ತಾರೆ. ಅದು ಮೆಟ್ಟಿಲು ಹತ್ತಿದಂತೆ. ಬೈಜು ನಿಲ್ಲುವುದಿಲ್ಲ. ಮೇಲೆ ಹೋಗಿ, ಅರ್ಧ ಇಳಿದು, ಮತ್ತೆ ತೂಗಿ, ಆಮೇಲೆ ಇನ್ಯಾವುದೋ ಸ್ವರಕ್ಕೆ ಜಾರುತ್ತಾರೆ. ಕಿವಿಗೆ ಬೀಳುವುದು ಚುಕ್ಕಿಗಳಲ್ಲ, ಒಂದು ಗೆರೆ. ಗೋವಾದ ರೆಮೊ ಫರ್ನಾಂಡಿಸ್ ವಾಸ್ತುಶಿಲ್ಪ ಓದಿದವರು, ತಮ್ಮ ಕ್ಯಾಸೆಟ್ಟಿನ ಹೊದಿಕೆಗೆ ತಾವೇ ಚಿತ್ರ ಬರೆದವರು. ಬೈಜು ಚಿತ್ರ ಬರೆಯುವುದು ತಂತಿಯ ಮೇಲೇ ಅನ್ನಿಸುತ್ತದೆ. ಮಕ್ತೂಬ್ ಎಂಬ ಅರಬ್ಬಿ ಮಾತಿಗೆ 'ಬರೆದಿಟ್ಟದ್ದು' ಎಂದೇ ಅರ್ಥ.

ಇನ್ನೊಂದು ವಿಷಯ ನನಗೆ ಹೊಳೆದದ್ದು ತಡವಾಗಿ. ಸಾದಾ ಗಿಟಾರಿನಲ್ಲಿ ಮೀಟಿದ ಸ್ವರ ಬೇಗ ಸಾಯುತ್ತದೆ, ಗಮಕ ತೂಗಲು ಪುರುಸೊತ್ತೇ ಇರುವುದಿಲ್ಲ. ರಾಕ್‌ನವರ ಡಿಸ್ಟಾರ್ಶನ್, ಅಂದರೆ ನಮ್ಮ ಮನೆಯವರೆಲ್ಲ 'ಗದ್ದಲ' ಅನ್ನುವುದೇ, ಸ್ವರವನ್ನು ಹಿಡಿದು ನಿಲ್ಲಿಸುತ್ತದೆ. ಗದ್ದಲ ಇದ್ದದ್ದರಿಂದಲೇ ಗಮಕಕ್ಕೆ ಜಾಗ ಸಿಕ್ಕಿತು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಗಮಕ ಕಲಿಸಿ ಅದನ್ನು ಕಚೇರಿಗೆ ಕರೆತಂದರು. ಬೈಜು ತಿರುಗುಮುರುಗಾಗಿ, ಗಮಕವನ್ನೇ ರಾಕ್ ಹಾಡಿನೊಳಕ್ಕೆ ಕರೆದೊಯ್ದು ಅಲ್ಲೇ ಬಿಟ್ಟರು. ಕೀರ್ತನೆಯಿಲ್ಲ, ಮೃದಂಗವಿಲ್ಲ, 'ನಮ್ಮ ಪರಂಪರೆ ನೋಡಿ' ಎಂಬ ಫಲಕವೂ ಇಲ್ಲ.

ಅದೇ 2008ರಲ್ಲಿ ತಿರುವನಂತಪುರದ 'ಅವಿಯಲ್' ತಂಡದ ಆಲ್ಬಮ್ಮೂ ಬಂತು. ಹಾಡೆಲ್ಲ ಮಲಯಾಳಂ. ಗಿಟಾರಿನಲ್ಲಿ ರೆಕ್ಸ್ ವಿಜಯನ್, ಮುಂದೆ 'ಮಾಯಾನದಿ'ಯಂಥ ಸಿನಿಮಾಗಳಿಗೆ ಸಂಗೀತ ಕೊಟ್ಟವರು. ರೆಕ್ಸ್ ಅವರ ಗಿಟಾರ್ ನನಗಿಷ್ಟ. ಆದರೆ ಅದಕ್ಕೆ ಊರಿಲ್ಲ, ಲಂಡನ್ನಿನಲ್ಲೂ ಇರಬಹುದಿತ್ತು. ಊರು ಇರುವುದು ಮಾತಿನಲ್ಲಿ. ಮದರ್‌ಜೇನಿನಲ್ಲಿ ಮಾತು ಇಂಗ್ಲಿಷು, ಊರು ಗಿಟಾರಿನಲ್ಲಿ. ಇನ್ನೂರು ಕಿಲೋಮೀಟರ್ ಅಂತರದ ಎರಡು ಊರುಗಳು ಒಂದೇ ಪ್ರಶ್ನೆಗೆ ಒಂದೇ ವರ್ಷ ಎರಡು ಉತ್ತರ ಕೊಟ್ಟವು. ಅವಿಯಲ್ ಉತ್ತರ ಎಲ್ಲರಿಗೂ ಬೇಗ ಅರ್ಥವಾಯಿತು, ಕನ್ನಡದಲ್ಲೂ ಆಮೇಲೆ ಆ ದಾರಿಯಲ್ಲೇ ಹೆಚ್ಚು ಜನ ನಡೆದರು. ನನ್ನನ್ನು ಕಾಡಿದ್ದು ಇನ್ನೊಂದು.

ಕಾರಣ ಸ್ವಂತದ್ದು. ಆ ದಿನಗಳಲ್ಲಿ ನಾನಿದ್ದ ಕಂಪನಿ ನಮ್ಮ ಉಚ್ಚಾರ ತಿದ್ದಲು ಒಬ್ಬ ತರಬೇತುದಾರರನ್ನು ಕರೆಸಿತ್ತು. ವಿದೇಶದ ಗ್ರಾಹಕರಿಗೆ ನಾವು ಆಡಿದ್ದು ತಿಳಿಯಬೇಕಲ್ಲ. ನನ್ನ ರೋಗ, ಕೊನೆಯ 'ಉ'. ನಾನು 'ಕಾರು', 'ಬಸ್ಸು', 'ಪ್ರಾಜೆಕ್ಟು' ಅನ್ನುವವನು. ಪಕ್ಕದಲ್ಲಿ ಕೂತ ಮಲಯಾಳಿ ಗೆಳೆಯನದು ಅರ್ಧ ಉಕಾರ, ಅವರ ಚಂದ್ರಕ್ಕಲದ್ದು. ಬಾಯಿ ಪೂರ್ತಿ ದುಂಡಾಗುವ ಮೊದಲೇ ಮುಗಿಯುತ್ತದೆ. ಇಬ್ಬರ ಬಾಲವನ್ನೂ ಕತ್ತರಿಸಿದರು. ಎರಡು ವಾರ ಮುಗಿದ ಮೇಲೆ ಫೋನಿನಲ್ಲಿ ನನ್ನ ದನಿ ಕೇಳಿದ ಅಮ್ಮ, "ಯಾಕೋ ತುಂಡು ತುಂಡಾಗಿ ಮಾತಾಡ್ತೀಯಾ?" ಅಂದರು.

ಆ ಸಂಜೆ ಮತ್ತೆ 'ಚೇಸಿಂಗ್ ದ ಸನ್' ಕೇಳಿದೆ. ಬೈಜು ಅವರ ಸ್ವರಕ್ಕೆ ಬಾಲವಿದೆ. ಮುಗಿದ ಮೇಲೂ ಒಂದು ಚೂರು, ಅರ್ಧ ಉಕಾರದಷ್ಟು, ಕೆಳಕ್ಕೆ ಇಳಿಯುತ್ತದೆ. ಯಾರೂ ತಿದ್ದಿಲ್ಲ. ಇದು ನನ್ನ ಕಲ್ಪನೆಯೂ ಇರಬಹುದು, ಆದರೆ ಒಮ್ಮೆ ಕೇಳಿಸಿದ ಮೇಲೆ ಕೇಳಿಸದಿರಲು ಸಾಧ್ಯವಿಲ್ಲ.

ಹೊಗಳಿಕೆ ಅಷ್ಟಕ್ಕೇ ನಿಲ್ಲಿಸುತ್ತೇನೆ. 'ಮಕ್ತೂಬ್' ಸಾಹಿತ್ಯ ಹಲವು ಕಡೆ ಸೂಕ್ತಿಗಳ ಭಾರಕ್ಕೆ ಬಾಗುತ್ತದೆ. ತಂಡ ಬಿಟ್ಟ ಮೇಲೆ ಬೈಜು ಮಾಡಿದ 'ದ ಕ್ರಾಸ್‌ಓವರ್', ಆಮೇಲಿನ ಸಿಂಡಿಕೇಟ್ ತಂಡದ ನುಡಿಸಾಣಿಕೆ, ಬೆರಳಿನ ಮಟ್ಟಿಗೆ ಹಿಂದಿನದಕ್ಕಿಂತ ಚುರುಕೇ ಇರಬಹುದು. ನನಗೆ ಮಾತ್ರ ಬೇಗ ದಣಿವಾಗುತ್ತದೆ. ಅಲ್ಲಿ ಗಿಟಾರ್ ತಾನೇ ಯಜಮಾನ, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಮದರ್‌ಜೇನಿನಲ್ಲಿ ಅದು ಬೇರೆಯವರ ಭಾಷೆಯ ಹಾಡಿನೊಳಗೆ ಸಿಕ್ಕ ಕೆಲವೇ ಕ್ಷಣಗಳಲ್ಲಿ ಹೇಳಿ ಮುಗಿಸಬೇಕಿತ್ತು. ಅವಸರವಿತ್ತು, ಒತ್ತಡವಿತ್ತು. ಬಾಡಿಗೆ ಮನೆಯಲ್ಲಿ ಇದ್ದಷ್ಟು ಕಾಲ ಊರಿನ ಅಡುಗೆ ರುಚಿ ಜಾಸ್ತಿ.

ಈಗ ತಿರುವನಂತಪುರದಲ್ಲಿದ್ದೇನೆ, ಟೆಕ್ನೋಪಾರ್ಕ್ ಹತ್ತಿರ. ಮಗಳಿಗೆ ಹನ್ನೆರಡು. ಮನೆಯಲ್ಲಿ ಕನ್ನಡ, ಆಟದ ಜಾಗದಲ್ಲಿ ಮಲಯಾಳಂ, ಶಾಲೆಯಲ್ಲಿ ಇಂಗ್ಲಿಷ್. ವಾರಕ್ಕೆರಡು ದಿನ ಗಿಟಾರ್ ಕ್ಲಾಸು. ಹೋದ ತಿಂಗಳು 'ಫೀಲ್ಡ್ಸ್ ಆಫ್ ಸೌಂಡ್' ಕೇಳಿಸಿ, ಯಾರೋ ಬರೆದಿಟ್ಟ ಟ್ಯಾಬ್ ಹುಡುಕಿ ಕೊಟ್ಟೆ. ಆರು ಗೆರೆ, ಮೇಲೆ ಅಂಕಿಗಳು, ಎಳೆಯಬೇಕಾದಲ್ಲಿ ಒಂದು ಬಾಣ. ಅರ್ಧ ಗಂಟೆ ಕೂತು ಪ್ರಯತ್ನಿಸಿ ಎದ್ದು ಬಂದಳು. "ಅಪ್ಪಾ, ಬೆರಳು ಎಲ್ಲಿಡಬೇಕು ಅಂತ ಇದೆ. ವಾಪಸ್ ಬರೋದು ಹೇಗೆ ಅಂತ ಬರೆದೇ ಇಲ್ಲ."