ಕೇಳುವ ಹಬ್ಬಕ್ಕೆ ಗಡಿಯಾರ ಬೇಕು

ಕ್ರಿಸ್‌ಮಸ್ ವಾರದಲ್ಲಿ ಈತ ದಸರೆ ಮಾತು ತೆಗೆದನಲ್ಲ ಎಂದು ಹುಬ್ಬೇರಿಸಬೇಡಿ. ರೇಡಿಯೋ ಕೇಳುವ ಚಟದವರಿಗೆ ಎರಡೂ ಒಂದೇ ಜಾತಿಯ ಹಬ್ಬ. ಬ್ರಿಟನ್ನಿನ ಮನೆಗಳಲ್ಲಿ ಒಂದು ಕಾಲಕ್ಕೆ ಡಿಸೆಂಬರ್ 25 ಹೇಗೆ ರೇಡಿಯೋ ಸುತ್ತ ನಡೆಯುತ್ತಿತ್ತೋ, ಮೈಸೂರು ಸೀಮೆಯಲ್ಲಿ ವಿಜಯದಶಮಿಯೂ ಹಾಗೇ ನಡೆಯುತ್ತಿತ್ತು. ಅಲ್ಲಿ ಅದು ಮುಗಿದ ಕಥೆ. ಇಲ್ಲಿ ಇನ್ನೂ ಉಸಿರಾಡುತ್ತಿದೆ.

ಮೊದಲು ಅಲ್ಲಿಯದನ್ನು ನೋಡೋಣ. 1932ರ ಡಿಸೆಂಬರಿನಲ್ಲಿ ಬಿಬಿಸಿ ತನ್ನ ಎಂಪೈರ್ ಸರ್ವೀಸ್ ಶುರು ಮಾಡಿದ ವಾರದಲ್ಲೇ ಐದನೇ ಜಾರ್ಜ್ ಸ್ಯಾಂಡ್ರಿಂಗಮ್ ಅರಮನೆಯ ಒಂದು ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತ. ಮಾತು ಬರೆದುಕೊಟ್ಟವರು ರಡ್ಯಾರ್ಡ್ ಕಿಪ್ಲಿಂಗ್. ದೊರೆಯ ಕೈ ನಡುಗಿ ಕಾಗದದ ಸರಪರ ಸದ್ದು ಮೈಕಿಗೆ ಬೀಳದಿರಲೆಂದು ಮೇಜಿಗೆ ದಪ್ಪ ಬಟ್ಟೆ ಹೊದಿಸಿದ್ದರು. ಹೊತ್ತು ಮಧ್ಯಾಹ್ನ ಮೂರು. ಭೂಮಿಯ ಹೆಚ್ಚು ಭಾಗಕ್ಕೆ ಶಾರ್ಟ್‌ವೇವ್ ಚೆನ್ನಾಗಿ ತಲುಪುವ ಸಮಯ ಅದೆಂದು ಲೆಕ್ಕ ಹಾಕಿಯೇ ಆರಿಸಿದ್ದು. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ.

ಆ ಮೂರು ಗಂಟೆ ಮುಂದೆ ಇಡೀ ದಿನದ ಗೂಟವಾಯಿತು. ಊಟ ಅದಕ್ಕೆ ಮುಂಚೆ ಮುಗಿಯಬೇಕು, ಪಾತ್ರೆ ತೊಳೆಯುವುದು ಅದಾದ ಮೇಲೆ. ರಾಜನ ಮಾತಿಗೆ ಮುಂಚೆ ಸಾಮ್ರಾಜ್ಯದ ಮೂಲೆಮೂಲೆಯಿಂದ ಸಾಮಾನ್ಯರ ಧ್ವನಿಗಳನ್ನು ಒಂದಾದ ಮೇಲೊಂದು ಪೋಣಿಸುತ್ತಿದ್ದರು. 1934ರಲ್ಲಿ ದೊರೆಯನ್ನು ಕೇಳುಗರಿಗೆ ಪರಿಚಯಿಸಿದವನು ಇಲ್ಮಿಂಗ್ಟನ್ ಎಂಬ ಹಳ್ಳಿಯ ಮುದಿ ಕುರಿಗಾಹಿ! ಇದನ್ನು ಯೋಚಿಸಿದ ನಿರ್ಮಾಪಕನಿಗೆ ನಾನು ಇಂದಿಗೂ ಮನಸಾರೆ ನಮಸ್ಕರಿಸುತ್ತೇನೆ. ರಾಜನ ಗತ್ತಿನ ಧ್ವನಿಗೆ ಬೆಲೆ ಬರುವುದು ಅದರ ಹಿಂದೆ ಹಳ್ಳಿಯ ಒರಟು ಧ್ವನಿ ಕೇಳಿದಾಗ ಎಂದು ಆತನಿಗೆ ಗೊತ್ತಿತ್ತು.

ಮಹಾಯುದ್ಧ ಮುಗಿಯುವ ಹೊತ್ತಿಗೆ ದಿನಚರಿ ಕಲ್ಲಿನಲ್ಲಿ ಕೊರೆದಂತಾಗಿತ್ತು. ಹಬ್ಬದ ಮುನ್ನಾದಿನ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಗೀತೆಗಳು. ಅದು 1928ರಿಂದ ಬಂದದ್ದು, 1930 ಒಂದು ವರ್ಷ ಮಾತ್ರ ತಪ್ಪಿತ್ತು. ಯುದ್ಧಕಾಲದಲ್ಲಿ ಚಾಪೆಲಿನ ಹಳೆಯ ಬಣ್ಣದ ಗಾಜನ್ನು ಬಿಚ್ಚಿಟ್ಟಿದ್ದರು. ಚಳಿಯಲ್ಲೇ ಹುಡುಗರು ಹಾಡಿದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಅದು ಯಾವ ಜಾಗ ಎಂದು ಮಾತ್ರ ಪ್ರಸಾರದಲ್ಲಿ ಹೇಳುತ್ತಿರಲಿಲ್ಲ. ಹಬ್ಬದ ದಿನ ಬೆಳಗಿನ ಆರಾಧನೆ, ಹಾಡು, ಹಾಸ್ಯ, ರಾತ್ರಿಗೆ ನಾಟಕ. ಹೋಮ್ ಸರ್ವೀಸ್, ಲೈಟ್ ಪ್ರೋಗ್ರಾಂ, ಥರ್ಡ್ ಪ್ರೋಗ್ರಾಂ ಎಂದು ಮೂರು ವಾಹಿನಿ ಇದ್ದರೂ ಮನೆಯಲ್ಲಿ ಇರುತ್ತಿದ್ದುದು ಸಾಮಾನ್ಯವಾಗಿ ಒಂದೇ ಸೆಟ್ಟು. 'ರೇಡಿಯೋ ಟೈಮ್ಸ್'ನ ಕ್ರಿಸ್‌ಮಸ್ ಸಂಚಿಕೆ ಮುಂದಿಟ್ಟುಕೊಂಡು ಯಾವುದು ಕೇಳಬೇಕು, ಯಾವುದು ಬಿಡಬೇಕು ಎಂಬ ಜಗಳವೂ ಹಬ್ಬದ ಭಾಗವೇ. 1951ರಲ್ಲಿ ಆರನೇ ಜಾರ್ಜ್ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಗಿ ಬಳಲಿದ್ದ. ಆ ಸಲದ ಸಂದೇಶವನ್ನು ತುಂಡು ತುಂಡಾಗಿ ಮುಂಚೆಯೇ ಧ್ವನಿಮುದ್ರಿಸಿಕೊಂಡರು. ಕಿವಿ ಚುರುಕಿದ್ದವರಿಗೆ ವ್ಯತ್ಯಾಸ ತಿಳಿದಿರಲೇಬೇಕು. ಆರು ವಾರದಲ್ಲಿ ಆತ ತೀರಿಕೊಂಡ. 1957ರಲ್ಲಿ ಮಗಳು ಎಲಿಜಬೆತ್ ಅದೇ ಮೂರು ಗಂಟೆಗೆ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡಳು. ಅಲ್ಲಿಂದ ಮುಂದೆ ರೇಡಿಯೋ ಕ್ರಿಸ್‌ಮಸ್ ಇಳಿಮುಖವೇ.

ಈಗ ನಮ್ಮ ಊರು ಮೈಸೂರಿಗೆ ಬರೋಣ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿ ಬಂದವರು. ಅವರು ಅಲ್ಲಿದ್ದ ಇಪ್ಪತ್ತರ ದಶಕದ ಆರಂಭದ ವರ್ಷಗಳೇ ಬಿಬಿಸಿ ಕಣ್ಣುಬಿಟ್ಟ ವರ್ಷಗಳು ಕೂಡ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಬರೀ 30 ವಾಟ್ ಶಕ್ತಿಯ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಶುರು ಮಾಡಿದರು. ಒಂದು ಹಳೇ ಬಲ್ಬು ಉರಿಯುವಷ್ಟು ಶಕ್ತಿ ಅದು. ಕೆಲವು ವರ್ಷ ಕೈಯಿಂದ ಹಣ ಹಾಕಿ ನಡೆಸಿದರು. ಆಮೇಲೆ ಅದು ಸಂಸ್ಥಾನದ ಪಾಲಾಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಸಿಕ್ಕಿದ್ದು 1974ರಲ್ಲಿ. ಯಾದವಗಿರಿಯ ಈಗಿನ ಕೇಂದ್ರ ಆ ಹಳೆಯ ಮನೆಯಿಂದ ಕೂಗಳತೆ ದೂರದಲ್ಲಿದೆ.

ಆಗಿನ ಮನೆಗಳಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ವರ್ಷಕ್ಕೆ ಹದಿನೈದು ರೂಪಾಯಿ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಬೇಕಿತ್ತು. ಸೆಟ್ಟಿಲ್ಲದವರು ಇದ್ದವರ ಮನೆ ಜಗಲಿಯಲ್ಲಿ ಕೂರುತ್ತಿದ್ದರು. ದಸರೆಯ ಅರಮನೆ ಸಂಗೀತ ಕಛೇರಿ ಕೇಳುವವರು ಒಂದಷ್ಟು ಜನ, ಜಂಬೂಸವಾರಿಗೆ ಮಾತ್ರ ಊರಿಗೆ ಊರೇ.

ಜಂಬೂಸವಾರಿಯ ವೀಕ್ಷಕ ವಿವರಣೆಯೆಂದರೆ ಇಂಗ್ಲೆಂಡಿನ ಆ ಮೂರು ಗಂಟೆಯ ಕನ್ನಡ ರೂಪ. ಇಲ್ಲಿ ಗೂಟ ಎರಡು. ಮೊದಲನೆಯದು ಬಲರಾಮ ದ್ವಾರದಲ್ಲಿ ನಂದಿಧ್ವಜ ಪೂಜೆ, ಮಕರ ಲಗ್ನವೋ ಧನುರ್ಲಗ್ನವೋ ಆ ವರ್ಷ ಪಂಚಾಂಗ ಹೇಳಿದಂತೆ. ಎರಡನೆಯದು ಚಿನ್ನದ ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ. ಈ ಎರಡರ ನಡುವೆ ತಾಸುಗಟ್ಟಲೆ ಹೊತ್ತಿದೆ ನೋಡಿ, ವಿವರಣೆಕಾರನ ಯೋಗ್ಯತೆ ಗೊತ್ತಾಗುವುದು ಅಲ್ಲೇ.

ಕೆಟ್ಟ ವಿವರಣೆ ಯಾವುದು ಎಂದು ಹೇಳುವುದು ಸುಲಭ. ಪ್ರತಿಯೊಂದು ಸ್ತಬ್ಧಚಿತ್ರವೂ ಕಣ್ಮನ ಸೆಳೆಯುತ್ತದೆ, ಪ್ರತಿ ಕಲಾತಂಡವೂ ನಯನಮನೋಹರ. ರೇಡಿಯೋ ಹಚ್ಚಿಕೊಂಡವನಿಗೆ ನಯನದಿಂದ ಏನಾಗಬೇಕು ಸ್ವಾಮಿ? ಮಾತು ನಿಂತಲ್ಲಿ ಮಹಿಷಾಸುರನ ಕಥೆ, ಅದು ಮುಗಿದರೆ ವೇದಿಕೆಯ ಮೇಲಿರುವ ಗಣ್ಯರ ಪಟ್ಟಿ. ಒಳ್ಳೆಯ ವಿವರಣೆಕಾರನಿಗೆ ವಿಶೇಷಣಗಳ ಹಂಗಿಲ್ಲ. ದೇವಿಗೆ ಈ ಸಲ ಉಡಿಸಿದ ಸೀರೆ ಯಾವ ಬಣ್ಣ, ಅಂಬಾರಿ ಆನೆಯ ಎಡಬಲಕ್ಕೆ ನಿಂತ ಕುಮ್ಕಿ ಆನೆಗಳ ಹೆಸರೇನು, 750 ಕಿಲೋ ಅಂಬಾರಿ ಕ್ರೇನಿನಿಂದ ಇಳಿದು ಬೆನ್ನ ಮೇಲೆ ಕೂರುವಾಗ ಆನೆ ಕಾಲು ಬದಲಿಸಿತೇ, ಮಾವುತ ಏನೆಂದ — ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಿಕ್ಕದ್ದನ್ನು ಮೈಕು ಹೇಳುತ್ತದೆ. ನಗಾರಿ, ಡೊಳ್ಳು, ಪೊಲೀಸ್ ಬ್ಯಾಂಡು, ಗಂಟೆ, ಜನದ ಗದ್ದಲ ಒಮ್ಮೆಲೇ ಏರುವುದು. ಅಂಬಾರಿ ಕಂಡಿತು ಎಂದು ಯಾರೂ ಹೇಳಬೇಕಿಲ್ಲ, ಆ ಏರಿದ ಗದ್ದಲವೇ ಹೇಳುತ್ತದೆ. ನನ್ನ ಮಟ್ಟಿಗೆ ವರ್ಷದ ಶ್ರೇಷ್ಠ ರೇಡಿಯೋ ಕ್ಷಣ ಅದು.

ಇನ್ನೊಂದು ಮಾತು. ಮತ್ತಿಗೋಡು, ದುಬಾರೆ ಶಿಬಿರಗಳಿಂದ ಬಂದ ಮಾವುತ ಕಾವಾಡಿಗಳನ್ನು ಮಾತಾಡಿಸುವ ಹೊತ್ತನ್ನು ದಯವಿಟ್ಟು ಮೊಟಕು ಮಾಡಬೇಡಿ. ನಮಗೆ ಇಲ್ಮಿಂಗ್ಟನ್ನಿನ ಕುರಿಗಾಹಿ ಅಂದರೆ ಅವರೇ. ಆನೆಯ ಸಿಟ್ಟು, ಹಸಿವು, ಪಟಾಕಿ ಸದ್ದಿಗೆ ಅದು ಬೆದರುವ ರೀತಿ ಇದನ್ನೆಲ್ಲ ಅವರಷ್ಟು ಸರಳವಾಗಿ ಯಾವ ವಿದ್ವಾಂಸನೂ ಹೇಳಲಾರ.

ರಾಜೀವನಗರದಲ್ಲಿ ಕೂತು ಕೇಳುವವನಿಗೆ ಒಂದು ಹೆಚ್ಚಿನ ಭಾಗ್ಯವಿದೆ. ನಮ್ಮ ಬಡಾವಣೆಗೂ ಅರಮನೆಗೂ ಗೆರೆ ಎಳೆದು ಅಳೆದರೆ ನಾಲ್ಕು ಕಿಲೋಮೀಟರ್ ಆಸುಪಾಸು. ಪುಷ್ಪಾರ್ಚನೆಯ ವೇಳೆಗೆ 21 ಕುಶಾಲತೋಪು ಹಾರಿಸುತ್ತಾರೆ. ರೇಡಿಯೋ ತರಂಗಕ್ಕೆ ಈ ದೂರ ಲೆಕ್ಕಕ್ಕೇ ಇಲ್ಲ, ಶಬ್ದಕ್ಕೆ ಮಾತ್ರ ಸೆಕೆಂಡಿಗೆ 340 ಮೀಟರಿನಷ್ಟೇ ಓಟ. ಆದ್ದರಿಂದ 100.6 ಎಫ್‌ಎಂನಲ್ಲಿ ತೋಪು ಢಂ ಎಂದು ಹತ್ತು ಹನ್ನೆರಡು ಸೆಕೆಂಡು ಕಳೆದ ಮೇಲೆ ಅದೇ ತೋಪು ಕಿಟಕಿಯಿಂದ ದೂರದ ಗುಡುಗಾಗಿ ಒಳಗೆ ಬರುತ್ತದೆ. ಲಂಡನ್ನಿನ ಬಿಗ್ ಬೆನ್ ಗಂಟೆಯದೂ ಇದೇ ತಮಾಷೆ. ಗೋಪುರದ ಬುಡದಲ್ಲಿ ನಿಂತವನಿಗಿಂತ ಮುಂಚೆ ಅದು ಊರಾಚೆ ರೇಡಿಯೋ ಮುಂದೆ ಕೂತವನ ಕಿವಿಗೆ ಬೀಳುತ್ತಿತ್ತು. ನಮ್ಮ ಬೀದಿಯಲ್ಲಿ ಊದಿನಕಡ್ಡಿ ಹೊಸೆಯುವ ಹೆಂಗಸರು ಜಗಲಿಯಲ್ಲಿ ಸಣ್ಣ ರೇಡಿಯೋ ಇಟ್ಟುಕೊಂಡಿರುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಮನೆಮಾತು ಉರ್ದು, ಆದರೆ ಆನೆಗಳ ಹೆಸರು ಅವರ ಮಕ್ಕಳಿಗೆ ಕಂಠಪಾಠ. ರೇಡಿಯೋದಲ್ಲಿ ತೋಪು ಹಾರಿದ ಕೂಡಲೇ ಮಕ್ಕಳು ಬೆರಳು ಮಡಚುತ್ತಾ ಎಣಿಸತೊಡಗುತ್ತವೆ, ಗಾಳಿಯಲ್ಲಿ ಬರುವ ತೋಪು ಯಾವ ಎಣಿಕೆಗೆ ಬರುತ್ತದೆ ಎಂದು.

ಮೊಬೈಲ್ ಆ್ಯಪಿನಲ್ಲಿ ಕೇಳುವವರಿಗೆ ಈ ಆಟ ತಿರುವುಮುರುವು. ಇಂಟರ್‌ನೆಟ್ ಪ್ರಸಾರ ಗುಟುಕು ಗುಟುಕಾಗಿ ಶೇಖರಿಸಿಕೊಂಡು ಬರುವುದರಿಂದ ತಡ. ಕಿಟಕಿಯ ತೋಪು ಮೊದಲು, ಆ್ಯಪಿನದು ಆಮೇಲೆ. ಹಬ್ಬ ಆಗಿಹೋದ ಮೇಲೆ ಅದರ ವರದಿ ಕೇಳಿದ ಹಾಗೆ. ಟಿ.ವಿ.ಯಲ್ಲಿಯೂ ಇದೇ ಗತಿ. ಜೊತೆಗೆ ಅಂಬಾರಿಯ ಅರ್ಧ ಭಾಗವನ್ನು ನುಂಗುವ ಜಾಹೀರಾತಿನ ಪಟ್ಟಿ ಬೇರೆ. ಸವಾರಿ ಕೆ.ಆರ್. ವೃತ್ತ ದಾಟಿ ಸಯ್ಯಾಜಿರಾವ್ ರಸ್ತೆ ಹಿಡಿದು ಆಯುರ್ವೇದ ಕಾಲೇಜು ವೃತ್ತದ ಕಡೆ ಸಾಗುವಾಗ ಊರು ಬಲ್ಲವನು ಕಣ್ಣು ಮುಚ್ಚಿ ಕೂತರೂ ದಾರಿ ತಪ್ಪುವುದಿಲ್ಲ. ಟಿ.ವಿ. ಕ್ಯಾಮೆರಾ ಮಾತ್ರ ಒಂದು ಮಗ್ಗುಲಿಂದ ಇನ್ನೊಂದಕ್ಕೆ ನೆಗೆಯುತ್ತಾ ಬನ್ನಿಮಂಟಪದ ತನಕ ಎಲ್ಲಿದ್ದೇವೆಂದು ಗೊತ್ತಾಗಗೊಡುವುದಿಲ್ಲ.

ಬಿಬಿಸಿಯ ಹಳೆಯ ಪ್ರಸಾರಗಳಲ್ಲಿ ಹೆಚ್ಚಿನವು ಧ್ವನಿಮುದ್ರಣವೇ ಆಗದೆ ಗಾಳಿಯಲ್ಲಿ ಹೋದವು. 1932ರ ದೊರೆಯ ಧ್ವನಿ ಉಳಿದಿದೆ. ಯಾರೋ ಉಳಿಸಬೇಕೆಂದುಕೊಂಡಿದ್ದರಿಂದ ಉಳಿಯಿತು. ನಮ್ಮ ಜಂಬೂಸವಾರಿ ವಿವರಣೆಗಳನ್ನು ಎಂಬತ್ತು ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಪಕ್ಕಕ್ಕಿಟ್ಟುಕೊಂಡು ಹಿಡಿದಿಟ್ಟ ಹವ್ಯಾಸಿಗಳು ಈ ಊರಿನಲ್ಲಿ ಬೇಕಾದಷ್ಟು ಇದ್ದಾರು. ಮನೆ ಅಟ್ಟದಲ್ಲಿ ಅಂಥ ಕ್ಯಾಸೆಟ್ಟು ಇದ್ದರೆ ಗುಜರಿಯವನಿಗೆ ಕೊಡಬೇಡಿ. ಮೇಲೆ ಇಸವಿ ಬರೆದು, ಬೂಸ್ಟು ಹಿಡಿಯದ ಜಾಗದಲ್ಲಿಟ್ಟು, ಯಾದವಗಿರಿಯ ಕೇಂದ್ರದವರಿಗೆ ಒಂದು ಮಾತು ತಿಳಿಸಿ. ಬರುವ ವಿಜಯದಶಮಿಗೆ ಮುಂಚೆ ಎಫ್‌ಎಂ ಸೆಟ್ಟಿಗೆ ಹೊಸ ಸೆಲ್ಲು ಹಾಕಿಸಿಕೊಳ್ಳುವುದನ್ನೂ ಮರೆಯಬೇಡಿ.