ಮುಸುಕಿನೊಳಗಿನ ಆತ್ಮ

ಆತ್ಮಜ್ಞಾನವೆಂದೊಡನೆ ಏಕಾಂತದಲ್ಲಿ ಕಣ್ಮುಚ್ಚಿ ಕುಳಿತ ಸಾಧಕನ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ತನ್ನನ್ನು ನೋಡಿಕೊಳ್ಳಬೇಕಾದ ಕನ್ನಡಿಯೇ ಪರರ ಕೈಯಲ್ಲಿದ್ದು, ಆ ಪರರು ತನ್ನನ್ನು ಕೀಳೆಂದು ಬಗೆದವರಾಗಿದ್ದರೆ ಮನುಷ್ಯ ತನ್ನನ್ನು ಅರಿಯುವುದು ಹೇಗೆ? ಅಮೆರಿಕದ ಕಪ್ಪುಜನರಿಗೆ ಇದು ತರ್ಕದ ಪ್ರಶ್ನೆಯಲ್ಲ, ಬಾಳಿನ ಪ್ರಶ್ನೆ. ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರು 1903ರಲ್ಲಿ ಪ್ರಕಟಿಸಿದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಎಂಬ ಗ್ರಂಥ ಇಂದಿಗೂ ಜೀವಂತವಾಗಿರುವುದು ಈ ಪ್ರಶ್ನೆಯನ್ನು ಅದು ಎದುರಿಸಿದ ರೀತಿಯಿಂದಲೇ.

ಹದಿನಾಲ್ಕು ಅಧ್ಯಾಯಗಳ ಈ ಗ್ರಂಥ ಒಂದು ಸಣ್ಣ ಪ್ರಸಂಗದಿಂದ ಮೊದಲಾಗುತ್ತದೆ. ಶಾಲೆಯಲ್ಲಿ ಮಕ್ಕಳು ಪರಸ್ಪರ ಹೆಸರಿನ ಚೀಟಿಗಳನ್ನು ಕೊಟ್ಟು ಆಡುತ್ತಿರುವಾಗ ಹೊಸದಾಗಿ ಬಂದ ಹುಡುಗಿಯೊಬ್ಬಳು ಡುಬಾಯ್ಸರ ಚೀಟಿಯನ್ನು ನಿರಾಕರಿಸುತ್ತಾಳೆ. ಅಂದು ತಮಗೂ ಲೋಕಕ್ಕೂ ನಡುವೆ ಒಂದು ಮುಸುಕು ಇಳಿಬಿದ್ದುದು ಬಾಲಕನಿಗೆ ತಿಳಿಯುತ್ತದೆ. ಅಂದಿನಿಂದ ತನ್ನನ್ನು ತಾನು ಕಾಣುವುದು ಪರರ ಕಣ್ಣಿನಿಂದ. ಒಂದೇ ದೇಹದಲ್ಲಿ ಅಮೆರಿಕನ್ನನೂ ಕಪ್ಪುಮನುಷ್ಯನೂ ಎರಡು ಆತ್ಮಗಳಾಗಿ ಹೋರಾಡುತ್ತಾರೆ. ಡುಬಾಯ್ಸ್ ಇವೆರಡರಲ್ಲಿ ಯಾವುದನ್ನೂ ಬಲಿಕೊಡಲು ಒಪ್ಪುವುದಿಲ್ಲ. ರಾಜಕೀಯ ಹಕ್ಕುಗಳನ್ನು ಸದ್ಯಕ್ಕೆ ಬದಿಗಿಟ್ಟು ಕಸುಬು ಕಲಿಯಿರೆಂದ ಬೂಕರ್ ಟಿ. ವಾಷಿಂಗ್ಟನ್ನರನ್ನು ಅವರು ವಿರೋಧಿಸಿದ್ದೂ ಇದೇ ಕಾರಣಕ್ಕೆ: ಆತ್ಮಗೌರವವನ್ನು ಒತ್ತೆಯಿಟ್ಟು ಗಳಿಸಿದ ನೆಮ್ಮದಿ ನೆಮ್ಮದಿಯಲ್ಲ.

ಈ ನಿಲುವು ಗ್ರಂಥದ ರಚನೆಯಲ್ಲಿಯೂ ಕಾಣುತ್ತದೆ. ಅಧ್ಯಾಯದ ತಲೆಯಲ್ಲಿ ಒಂದು ಪದ್ಯ, ಬಹುಮಟ್ಟಿಗೆ ಐರೋಪ್ಯ ಕವಿಗಳದು. ಅದರ ಕೆಳಗೆ ಗುಲಾಮರ ಶೋಕಗೀತೆಯೊಂದರ ಸ್ವರಲಿಪಿ, ಮಾತಿಲ್ಲದೆ. ಧಾಟಿ ತಿಳಿಯದವನು ಅದನ್ನು ದಾಟಿ ಹೋಗುತ್ತಾನೆ. ಆ ಹಾಡುಗಳ ಕಥೆಯನ್ನು ಲೇಖಕರು ಬಿಡಿಸಿ ಹೇಳುವುದು ಕೊನೆಯ ಅಧ್ಯಾಯದಲ್ಲಿ. ಎರಡು ಪರಂಪರೆಗಳನ್ನು ಒಂದೇ ಪುಟದಲ್ಲಿ ಸರಿಸಮನಾಗಿ ಕೂರಿಸಿದ ಈ ಯೋಜನೆ ಯಾವ ವಾದಕ್ಕಿಂತಲೂ ಬಲವಾದುದು.

ಗ್ರಂಥದಲ್ಲಿ ಕೊರತೆ ಇಲ್ಲದಿಲ್ಲ. ಗದ್ಯ ಕೆಲವೆಡೆ ಅತಿಯಾಗಿ ಅಲಂಕೃತವಾಗಿದೆ. ಜಾರ್ಜಿಯಾದ ಹತ್ತಿಯ ಹೊಲಗಳ ರೈತರನ್ನು ಹಾರ್ವರ್ಡಿನ ಪಂಡಿತ ತುಸು ದೂರದಿಂದಲೇ ನೋಡುತ್ತಾರೆ; ಹಾಡನ್ನು ಕೊಟ್ಟ ಜನ ಸ್ವಂತ ದನಿಯಲ್ಲಿ ಮಾತಾಡುವುದು ಅಪರೂಪ. ಅವರ ಭರವಸೆಯೆಲ್ಲ ಸುಶಿಕ್ಷಿತರಾದ ಕೆಲವರ ಮೇಲೆ.

ಆದರೆ ಹನ್ನೊಂದನೆಯ ಅಧ್ಯಾಯದಲ್ಲಿ ಈ ದೂರ ಕುಸಿದುಬೀಳುತ್ತದೆ. 1899ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡ, ಎರಡು ವರ್ಷವೂ ತುಂಬದ ಚೊಚ್ಚಲ ಮಗನ ಸಂಗತಿ ಅದು. ಶವಯಾತ್ರೆಯನ್ನು ಕಂಡ ಬಿಳಿಯರು ಒಂದು ಬೈಗುಳನ್ನಾಡಿ ಮುಂದೆ ಸಾಗುತ್ತಾರೆ. ಮಗು ಮುಸುಕಿನಿಂದ ಪಾರಾಯಿತಲ್ಲ ಎಂಬ ಘೋರವಾದ ಹರ್ಷ ತಂದೆಯ ಎದೆಯಲ್ಲಿ ಏಳುತ್ತದೆ. ಡುಬಾಯ್ಸ್ ಅದನ್ನು ಮರೆಮಾಚುವುದಿಲ್ಲ; ಮರುಗಳಿಗೆಯೇ ಅದನ್ನು ಬರಿಯ ಮಾತೆಂದು ತಳ್ಳಿ, ಈ ಭಾರವನ್ನು ಮಗ ತಮಗಿಂತ ಧೀರನಾಗಿ ಹೊರುತ್ತಿದ್ದನೇನೋ ಎನ್ನುತ್ತಾರೆ. ತನ್ನ ಹತಾಶೆಯನ್ನು ಪೂರ್ತಿ ಕಂಡು, ಅದಕ್ಕೆ ಶರಣಾಗದಿರುವುದು: ಈ ಗ್ರಂಥ ತೋರಿಸುವ ಸಮತೋಲ ಇದೇ. ಅದು ಋಷಿಯ ಶಾಂತಿಯಲ್ಲ, ಗಾಯಗೊಂಡವನ ವಿವೇಕ.

ಡುಬಾಯ್ಸ್ 1961ರಲ್ಲಿ ಘಾನಾಕ್ಕೆ ತೆರಳಿ, 1963ರಲ್ಲಿ ಅಕ್ರಾದಲ್ಲಿ ನಿಧನರಾದರು. ಬಾಳಿನ ತಕ್ಕಡಿ ಕೊನೆಗೆ ಆಫ್ರಿಕದ ಕಡೆಗೆ ವಾಲಿತೆನ್ನಬಹುದು. ಗ್ರಂಥದಲ್ಲಿ ಮಾತ್ರ ಎರಡು ತಟ್ಟೆಗಳೂ ಇನ್ನೂ ತೂಗುತ್ತಿವೆ. ಓದುಗನು ಅದಕ್ಕೆ ಮರಳಿ ಮರಳಿ ಹೋಗುವುದು ಅದಕ್ಕಾಗಿಯೇ.