ಕಾವ್ಯದಲ್ಲಿ ದಿಗಂತವೂ ಎಲ್ಲೆಯೂ

ಸೃಷ್ಟಿವರ್ಣನೆಗೆ ತೊಡಗಿದ ಈಚಿನ ಕವಿಗಳಲ್ಲಿ ದಿಗಂತದ ಹೆಸರೆತ್ತದವರು ವಿರಳ. ಆದರೆ ದಿಗಂತವೂ ಎಲ್ಲೆಯೂ ಬೇರೆ ಬೇರೆ ವಸ್ತುಗಳೆಂಬ ವಿವೇಕವು ಆ ವರ್ಣನೆಗಳಲ್ಲಿ ಎಷ್ಟರ ಮಟ್ಟಿಗೆ ಉಳಿದಿದೆಯೆಂಬದು ವಿಚಾರಾರ್ಹವಾಗಿದೆ. ಬಾನೂ ನೆಲವೂ ಕೂಡಿದಂತೆ ತೋರುವ ಗೆರೆಯು ನೋಡುವವನ ಕಣ್ಣಿನ ಎತ್ತರವನ್ನು ಅವಲಂಬಿಸಿದ್ದು. ಸಮನಾದ ಬಯಲಿನಲ್ಲಿ ನಿಂತವನಿಗೆ ಅದು 5 ಕಿಲೋಮೀಟರಿಗಿಂತ ಈಚೆಗೇ ಇರುವದು. ಅಲ್ಲಿಂದ 100 ಮೀಟರು ಮೇಲೇರಿದರೆ ಸುಮಾರು 36 ಕಿಲೋಮೀಟರಿನಾಚೆಗೆ ಸರಿಯುವದು. ಎಲ್ಲೆಯು ಹಾಗಲ್ಲ. ಅದು ನೆಲದಲ್ಲಿಯೇ ಇರುವಂಥದು, ಎಷ್ಟೋ ಸಲ ಕಣ್ಣಿಗೆ ಕಾಣದಂಥದು.

ಈ ಭೇದವನ್ನರಿಯಲು ಹುಬ್ಬಳ್ಳಿ-ಧಾರವಾಡಗಳ ನಡುವಣ ಉಣಕಲ್ಲಿಗಿಂತ ಒಳ್ಳೆಯ ನೆಲೆಯು ದೊರೆಯುವದು ಕಷ್ಟ. ಚಾಲುಕ್ಯರ ಕಾಲದ ಅಲ್ಲಿಯ ಚಂದ್ರಮೌಳೀಶ್ವರ ದೇವಾಲಯಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲುಗಳುಂಟು. ಶಿಲ್ಪಿಗೆ ದಿಕ್ಕುಗಳೆಲ್ಲ ಸಮಾನ. ನೆಲಕ್ಕೆ ಮಾತ್ರ ಸಮಾನವಲ್ಲ. ಪಡುವಲಿಗೆ ಕಲಘಟಗಿ, ಅಳ್ನಾವರಗಳ ಕಡೆಗೆ ಹೋದಂತೆ ಕೆಮ್ಮಣ್ಣು, ಭತ್ತದ ಗದ್ದೆ, ಆಮೇಲೆ ಕಾಡು. ಮೂಡಲಿಗೆ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಎರೆಯ ಹೊಲ, ಜೋಳ, ಹತ್ತಿ, ಕಡಲೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟಿದ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಪಡುಗಡಲನ್ನು ಸೇರುವದು. ಮೂಡಲ ಹೊಲಗಳ ನೀರು ಬೆಣ್ಣೆಹಳ್ಳ, ಮಲಪ್ರಭೆ, ಕೃಷ್ಣೆಗಳ ಮೂಲಕ ಮೂಡುಗಡಲಿಗೆ ಹೋಗುವದು. ಎರಡು ಕಡಲುಗಳ ನೀರನ್ನು ಬೇರ್ಪಡಿಸುವ ದಿಣ್ಣೆಯನ್ನು ದಾರಿಕಾರನು ಅರಿಯದೆಯೇ ದಾಟಿಬಿಡುವನು. ಅಲ್ಲಿ ಯಾರೂ ಬಾಂದಗಲ್ಲು ನೆಟ್ಟಿಲ್ಲ. ಉಣಕಲ್ಲಿನ ಗುಡ್ಡದ ಮೇಲೆ ನಿಂತು ಜನರು ಮೆಚ್ಚುವ ಸಂಜೆಗೆಂಪಿನ ಅಂಚು ಈ ಎಲ್ಲೆಯಲ್ಲ.

ಆ ಗುಡ್ಡಕ್ಕೆ ಈಗ ನೃಪತುಂಗನ ಹೆಸರಿದೆ. ಹೆಸರು ಉಚಿತವಾದದ್ದು, ಏಕೆಂದರೆ ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡನಾಡಿಗೆ ಕಾವೇರಿ-ಗೋದಾವರಿಗಳ ಎಲ್ಲೆಯನ್ನು ಹೇಳಿತು. ಆ ಎರಡು ಹೊಳೆಗಳನ್ನು ಒಂದೇ ನೋಟದಲ್ಲಿ ಕಂಡವರಿಲ್ಲ. ಅದು ಬುದ್ಧಿಯಿಂದ ಅಳೆದ ನಾಡು. ಅಷ್ಟಕ್ಕೇ ನಿಲ್ಲದೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಕನ್ನಡದ ತಿರುಳನ್ನೂ ಆ ಗ್ರಂಥವು ಗುರುತಿಸಿತು. 1956ರ ಏಕೀಕರಣದ ಮೊದಲೂ ಆಮೇಲೂ ಭಾಷಣಕಾರರು ಎಲ್ಲೆಯನ್ನು ನೆನೆದಷ್ಟು ತಿರುಳನ್ನು ನೆನೆದಂತಿಲ್ಲ.

ಚಂಪೂಕವಿಗಳಿಗೆ ಅಷ್ಟಾದಶ ವರ್ಣನೆಗಳ ಕಟ್ಟು ಇತ್ತು. ಸೂರ್ಯನು ಉದಯಗಿರಿಯನ್ನೇರಿ ಬಂದು ಅಸ್ತಗಿರಿಯಲ್ಲಿ ಇಳಿಯಬೇಕೆಂಬದು ಕವಿಸಮಯ. ಬೆಳವಲದಲ್ಲಿ ಮೂಡುವ ಸೂರ್ಯನಿಗೆ ಗಿರಿಯ ಹಂಗಿಲ್ಲ. ಅವನು ಜೋಳದ ತೆನೆಗಳ ನಡುವಿನಿಂದಲೇ ಏಳುವನು. ಪಂಪನ ತಾಯಿಯ ಕಡೆಯ ಹಿರಿಯರು ಇದೇ ಬೆಳವಲದ ಅಣ್ಣಿಗೇರಿಯವರು. ಅವನ ಮನಸ್ಸು ನೆಟ್ಟದ್ದು ಮಲೆನಾಡಿನ ಅಂಚಿನ ಬನವಾಸಿಯಲ್ಲಿ. ಭಾರತದಲ್ಲಿ ಬನವಾಸಿಯನ್ನು ನೆನೆಯುವಾಗ ಅವನು ಗಿರಿ-ದಿಗಂತಗಳನ್ನು ಕರೆಯಲಿಲ್ಲ. ತೆಂಕಣ ಗಾಳಿ, ಒಳ್ಳೆಯ ಮಾತು, ಹಾಡಿನ ಇಂಪು, ಅರಳಿದ ಮಲ್ಲಿಗೆ, ಇಷ್ಟೇ ಅವನಿಗೆ ಸಾಕಾದವು. ಗಾಳಿಯೂ ಹಾಡೂ ಎಲ್ಲೆಯನ್ನು ದಾಟಿ ಬರುವಂಥವು. ದೂರದ ನಾಡನ್ನು ಕಣ್ಣಿಗೆ ತೋರಿಸದೆ ಮೈಗೆ ಸೋಂಕಿಸಿದ್ದು ಪಂಪನ ಹಿರಿಮೆ.

ಬೇಂದ್ರೆಯವರ ಶ್ರಾವಣದ ಕವಿತೆಯ ಬಲವೂ ಇಂಥದೇ. ಅಲ್ಲಿ ಮಳೆಯು ಮೊದಲು ಕಡಲಿಗೆ ಬರುವದು, ಆಮೇಲೆ ಘಟ್ಟಕ್ಕೆ, ಆಮೇಲೆ ಒಳನಾಡಿಗೆ. ಈ ಕ್ರಮವನ್ನು ಕವಿಯು ಅಲಂಕಾರಕ್ಕಾಗಿ ಹೂಡಿದ್ದಲ್ಲ. ಮುಂಗಾರು ಧಾರವಾಡಕ್ಕೆ ಬರುವ ದಾರಿಯೇ ಅದು. ಅನುಕರಿಸಿದವರು ಕುಣಿತದ ಲಯವನ್ನು ಹಿಡಿದರು, ದಾರಿಯನ್ನು ಬಿಟ್ಟರು. ಅವರ ಮುಗಿಲು ಯಾವ ದಿಕ್ಕಿನಿಂದಲಾದರೂ ಬರಬಹುದು. ಅವರ ದಿಗಂತವು ಆಶೆಗೋ ಅನಂತತೆಗೋ ಇನ್ನೊಂದು ಹೆಸರಾಗಿ, ಯಾವ ಊರಿನ ಮೇಲಾದರೂ ತೂಗುಬಿಡಬಹುದಾದ ತೆರೆಯಾಗಿದೆ. ಧಾರವಾಡದಲ್ಲಿ ಜಿಟಿಜಿಟಿ ಮಳೆಯು ಬಿಡದೆ ಹಿಡಿದಿರುವ ದಿನವೇ ನವಲಗುಂದದ ಒಕ್ಕಲಿಗನು ಒಣ ಎರೆಯಲ್ಲಿ ನಿಂತು ಮುಗಿಲನ್ನು ನೋಡುತ್ತಿರುವದುಂಟು. ಇಬ್ಬರ ಮೇಲೂ ಒಂದೇ ಮೋಡ, ನಡುವೆ ಒಂದು ಹಗಲಿನ ಹಾದಿ. ಆ ಹಾದಿಯಲ್ಲಿ ಮಳೆಯು ಎಲ್ಲಿ ತೆಳುವಾಯಿತೆಂದು ಹೇಳಬಲ್ಲ ಕವಿತೆಗೆ ದಿಗಂತವೆಂಬ ಶಬ್ದದ ಅವಶ್ಯಕತೆಯೇ ಬೀಳಲಾರದು.